ಕಟ್ಟಿದ ಕಂತು ದಂಡವೇ?

ವರ್ಷವರ್ಷವೂ ಏರುವ ಆರೋಗ್ಯ ವಿಮೆಯ ಪ್ರೀಮಿಯಂ ಕಟ್ಟುವುದೋ, ಬಿಡುವುದೋ? ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ನಿವೃತ್ತರ ಮನೆಗಳಲ್ಲಿ ಬಗೆಹರಿಯದೆ ಉಳಿದಿರುವ ಪ್ರಶ್ನೆ ಇದು.

ಬ್ಯೂಗಲ್ ರಾಕ್ ಉದ್ಯಾನದಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತವರ ಮಾತು ಮಂಡಿನೋವಿನಿಂದ ಶುರುವಾಗುತ್ತದೆ. ಮಕ್ಕಳ ವೀಸಾ, ಮೊಮ್ಮಕ್ಕಳ ಶಾಲೆ ದಾಟಿ ಈಚೀಚೆಗೆ ಅದು ಬಂದು ನಿಲ್ಲುವುದು ರಿನ್ಯೂವಲ್ ನೋಟಿಸಿನ ಹತ್ತಿರ. "ಈ ಸಲ ಮತ್ತೆ ಜಾಸ್ತಿ ಮಾಡಿದ್ದಾರೆ ಸಾರ್. ಇಷ್ಟು ವರ್ಷದಿಂದ ಕಟ್ತಾ ಇದೀನಿ, ಒಂದು ಪೈಸೆ ಕ್ಲೇಮ್ ಮಾಡಿಲ್ಲ. ಎಲ್ಲಾ ದಂಡ" ಎನ್ನುತ್ತಾರೆ ಒಬ್ಬರು. "ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲವಲ್ಲ ರಾಯರೇ, ಅದೇ ನಿಮ್ಮ ಪುಣ್ಯ" ಎನ್ನುತ್ತಾರೆ ಪಕ್ಕದವರು. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಮುಂದಿನ ಕಂತು ಕಟ್ಟಬೇಕೇ ಎಂಬುದಕ್ಕೆ ಇವೆರಡೂ ಉತ್ತರವಲ್ಲ.

ಕಟ್ಟಿದ್ದು ವಾಪಸ್ ಬರಬೇಕು ಎಂಬ ಈ ನಿರೀಕ್ಷೆ ನಮ್ಮಲ್ಲಿ ಬೇರೂರಿದ್ದು ಸುಮ್ಮನೆ ಅಲ್ಲ. ಅದಕ್ಕೆ ಶತಮಾನ ಮೀರಿದ ಚರಿತ್ರೆಯಿದೆ.

ಉಳಿತಾಯವಾಗಿ ಬಂದ ವಿಮೆ

ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಜೀವವಿಮೆ ಆರಂಭಿಸಿದ್ದು 1891ರಲ್ಲಿ. ಹತ್ತನೆಯ ಚಾಮರಾಜ ಒಡೆಯರ್ ಅರಸರು, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಅದರ ಮರುವರ್ಷ ಅದೇ ಅರಸರ ಹೆಸರಿನಲ್ಲಿ ಚಾಮರಾಜಪೇಟೆ ಬಡಾವಣೆ ಎದ್ದಿತು. ಆ ವಿಮೆಯೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಎಲ್ಲರ ಬಾಯಲ್ಲಿ ಕೆಜಿಐಡಿ. ಸರ್ಕಾರಿ ನೌಕರರಿಗೆ ಅದು ಕಡ್ಡಾಯ, ಸಂಬಳದಲ್ಲೇ ಕಡಿತ. ಗುಮಾಸ್ತರು, ಮೇಷ್ಟ್ರುಗಳು, ಅಮಲ್ದಾರರು ನಿವೃತ್ತಿಯ ಹೊತ್ತಿಗೆ ಬೋನಸ್ ಸಮೇತ ಬರುವ ಆ ಹಣವನ್ನು ನಂಬಿ ಮಗಳ ಮದುವೆಗೆ ಛತ್ರ ಗೊತ್ತುಮಾಡುತ್ತಿದ್ದರು.

1956ರ ಸೆಪ್ಟೆಂಬರ್ 1ರಂದು ಎಲ್ಐಸಿ ಹುಟ್ಟಿತು. ಇನ್ನೂರಕ್ಕೂ ಹೆಚ್ಚು ಖಾಸಗಿ ವಿಮಾ ಸಂಸ್ಥೆಗಳನ್ನು ಒಗ್ಗೂಡಿಸಿ ಕಟ್ಟಿದ ನಿಗಮ ಅದು. ಮುಂದಿನ ನಾಲ್ಕು ದಶಕ ಹೆಚ್ಚಿನವರಿಗೆ ಜೀವವಿಮೆ ಎಂದರೆ ಅದೊಂದೇ. ಏಜೆಂಟರು ಹೊರಗಿನವರಲ್ಲ, ಸೋದರಮಾವ, ಷಡ್ಡಕ, ಇಲ್ಲವೇ ಆಫೀಸಿನಲ್ಲಿ ಪಕ್ಕದ ಮೇಜಿನವರು. ಮಾರ್ಚ್ ಬಂತೆಂದರೆ ಆದಾಯ ತೆರಿಗೆ ಉಳಿಸಲು ಒಂದು ಪಾಲಿಸಿ, ಮಗು ಹುಟ್ಟಿದರೆ ಇನ್ನೊಂದು, ಮಾವನ ಮುಖ ನೋಡಿ ಮತ್ತೊಂದು. ಮನಿ ಬ್ಯಾಕ್, ಎಂಡೋಮೆಂಟ್ ಪಾಲಿಸಿಗಳಲ್ಲಿ ಹಣ ಬಂದೇ ಬರುತ್ತಿತ್ತು. ಬಡ್ಡಿ ಲೆಕ್ಕದಲ್ಲಿ ಕಡಿಮೆಯಾದರೂ ಒಟ್ಟಿಗೆ ಕೈಸೇರುವ ಗಂಟು. ಹೀಗೆ ಎರಡು ಮೂರು ತಲೆಮಾರು ವಿಮೆಯನ್ನು ಉಳಿತಾಯವೆಂದೇ ತಿಳಿಯಿತು.

1986ರಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು 'ಮೆಡಿಕ್ಲೇಮ್' ತಂದಾಗ ಸ್ವರೂಪವೇ ಬೇರೆಯಾಗಿತ್ತು. ಇಲ್ಲಿ ವರ್ಷ ಮುಗಿದರೆ ಕಟ್ಟಿದ್ದು ಮುಗಿಯಿತು. ಟರ್ಮ್ ಪಾಲಿಸಿಯೂ ಹಾಗೆಯೇ: ಅವಧಿಯೊಳಗೆ ಸತ್ತರೆ ಮನೆಯವರಿಗೆ ಹಣ, ಬದುಕಿದರೆ ಏನೂ ಇಲ್ಲ. ಎಂಡೋಮೆಂಟ್ ಅಳತೆಗೋಲಿನಲ್ಲಿ ಇವನ್ನು ಅಳೆದರೆ ಎರಡೂ ದಂಡವೇ. ಹಾಗಾಗಿ ಅಳತೆಗೋಲನ್ನೇ ಬದಲಿಸಬೇಕು.

ಸರಾಸರಿಯಲ್ಲಿ ನಷ್ಟ, ಆದರೂ

ಏಜೆಂಟರು ಹೇಳದ ಒಂದು ಸತ್ಯವಿದೆ. ಎಲ್ಲ ಗ್ರಾಹಕರನ್ನೂ ಸೇರಿಸಿ ನೋಡಿದರೆ ಆರೋಗ್ಯ ವಿಮೆ ಲಾಭದ ವ್ಯವಹಾರವಲ್ಲ. ಪ್ರೀಮಿಯಂನಲ್ಲಿ ಕಂಪನಿಯ ಖರ್ಚು, ಏಜೆಂಟರ ಕಮಿಷನ್, ಲಾಭ ಎಲ್ಲವೂ ಸೇರಿರುತ್ತವೆ. ಕಟ್ಟಿದವರೆಲ್ಲರಿಗೂ ಕಟ್ಟಿದಷ್ಟು ವಾಪಸ್ ಬರಲು ಸಾಧ್ಯವೇ ಇಲ್ಲ.

ಹಾಗಾದರೆ ಕಟ್ಟುವುದೇಕೆ? ನಷ್ಟ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ನಮ್ಮದೇ ರಾಜ್ಯದ ಯಶಸ್ವಿನಿ. ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ, ಡಾ. ದೇವಿ ಶೆಟ್ಟಿ ಅವರ ಚಿಂತನೆಯೊಂದಿಗೆ 2003ರಲ್ಲಿ ಕಾರ್ಯಾರಂಭ ಮಾಡಿದ ಆ ಯೋಜನೆಯಲ್ಲಿ ಆಗ ಒಬ್ಬರ ವಂತಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅಷ್ಟರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಸಾಧ್ಯವಾದದ್ದು ಲಕ್ಷಾಂತರ ಜನ ಕಟ್ಟಿ, ಅವರಲ್ಲಿ ಕೆಲವರಿಗಷ್ಟೇ ಶಸ್ತ್ರಚಿಕಿತ್ಸೆ ಬೇಕಾಗಿದ್ದರಿಂದ. ಜೊತೆಗೆ ಸರ್ಕಾರದ ನೆರವೂ ಇದ್ದದ್ದರಿಂದ. ಆಸ್ಪತ್ರೆಗೆ ಹೋಗದವರ 60 ರೂಪಾಯಿ ಎಲ್ಲೂ ಕಳೆದುಹೋಗಲಿಲ್ಲ, ಹೋದವರ ಬಿಲ್ಲಿಗೆ ಸಂದಿತು.

ಇದರಿಂದ ಒಂದು ನಿಯಮ ಹೊರಡುತ್ತದೆ. ತಡೆದುಕೊಳ್ಳಬಲ್ಲ ನಷ್ಟಕ್ಕೆ ವಿಮೆ ಬೇಡ, ತಡೆದುಕೊಳ್ಳಲಾಗದ ನಷ್ಟಕ್ಕೆ ಬೇಕೇ ಬೇಕು. ಜ್ವರ, ಹಲ್ಲು, ಕನ್ನಡಕ, ರಕ್ತಪರೀಕ್ಷೆ, ಕಣ್ಣಿನ ಪೊರೆ ಇವೆಲ್ಲ ಪಿಂಚಣಿಯಲ್ಲೋ ಉಳಿತಾಯದಲ್ಲೋ ನಿಭಾಯಿಸಬಲ್ಲ ಖರ್ಚುಗಳು. ಪೊರೆಯ ಚಿಕಿತ್ಸೆಗೆ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಯೇ ಇದೆ. ಇಂಥವಕ್ಕೆಲ್ಲ ಸೌಲಭ್ಯ ಕೊಡುವ ಪಾಲಿಸಿಗೆ ಹೆಚ್ಚಿನ ಪ್ರೀಮಿಯಂ ತೆರುವುದು ಜಾಣತನವಲ್ಲ. ಬೈಪಾಸ್, ಪಾರ್ಶ್ವವಾಯು, ಕ್ಯಾನ್ಸರ್, ಎರಡು ಮೂರು ವಾರದ ಐಸಿಯು, ಇವು ಬೇರೆ ಜಾತಿಯ ಖರ್ಚು.

ಮನೆ ಕೋಟಿಯದು, ಕೈಯಲ್ಲಿ ಕಾಸಿಲ್ಲ

"ನಮಗೇನು, ಗಾಂಧಿ ಬಜಾರಿನ ಹತ್ತಿರ ಸ್ವಂತ ಮನೆ ಇದೆಯಲ್ಲ" ಎನ್ನುವವರಿದ್ದಾರೆ. ಅಜ್ಜನ ಕಾಲದಲ್ಲಿ ಕೆಲವು ಸಾವಿರಕ್ಕೆ ಕೊಂಡ ನಿವೇಶನಕ್ಕೆ ಇಂದು ಕೋಟಿಗಳ ಬೆಲೆ. ಆದರೆ ಐಸಿಯುಗೆ ಸೇರಿಸುವಾಗ ಕೇಳುವ ಮುಂಗಡಕ್ಕೆ ಮನೆಯ ಒಂದು ಮೂಲೆಯನ್ನು ಮಾರಲು ಬರುವುದಿಲ್ಲ. ಅನೇಕ ಮನೆಗಳು ಇನ್ನೂ ಪಾಲಾಗಿಲ್ಲ. ಖಾತೆ ತೀರಿಕೊಂಡ ತಂದೆಯ ಹೆಸರಿನಲ್ಲಿ, ಸಹಿ ಮಾಡಬೇಕಾದ ತಂಗಿ ಕ್ಯಾಲಿಫೋರ್ನಿಯಾದಲ್ಲಿ. ನಷ್ಟ ತಡೆಯುವ ಶಕ್ತಿಯನ್ನು ಆಸ್ತಿಯ ಬೆಲೆಯಿಂದ ಅಳೆಯಬಾರದು. ಒಂದು ವಾರದೊಳಗೆ ಎಷ್ಟು ನಗದು ಹೊಂದಿಸಬಲ್ಲೆವು ಎಂಬುದೇ ನಿಜವಾದ ಲೆಕ್ಕ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. "ಪ್ರೀಮಿಯಂ ಕಟ್ಟುವ ಬದಲು ಅಷ್ಟೇ ದುಡ್ಡು ಎಫ್‌ಡಿ ಇಡ್ತೀನಿ. ಕಾಯಿಲೆ ಬಂದರೆ ಖರ್ಚಿಗಾಯ್ತು, ಬರದಿದ್ದರೆ ನನ್ನದೇ." ಲೆಕ್ಕ ಹಾಕೋಣ. ವರ್ಷಕ್ಕೆ 50,000 ರೂಪಾಯಿಯಂತೆ ಶೇ 7ರ ಬಡ್ಡಿಗೆ ಇಟ್ಟರೆ ಐದು ವರ್ಷದ ಕೊನೆಗೆ ಸುಮಾರು 3 ಲಕ್ಷ ಆಗುತ್ತದೆ. ಕಾಯಿಲೆ ಹದಿನೈದು ವರ್ಷದ ನಂತರ ಬಂದರೆ ಈ ಉಪಾಯ ಗೆದ್ದಂತೆ. ಎರಡನೇ ವರ್ಷವೇ ಬಂದರೆ ಕೈಯಲ್ಲಿರುವುದು ಲಕ್ಷ ಚಿಲ್ಲರೆ.

ಆ ಎಫ್‌ಡಿ ಎಲ್ಲಿದೆ ಎಂಬುದೂ ಮುಖ್ಯ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಹಣ ತೆಗೆಯಲು ಆರಂಭದಲ್ಲಿ ಇಟ್ಟ ಮಿತಿ 35,000 ರೂಪಾಯಿ. ಠೇವಣಿ ಇಟ್ಟವರಲ್ಲಿ ನಿವೃತ್ತರೇ ದೊಡ್ಡ ಸಂಖ್ಯೆಯಲ್ಲಿದ್ದರು. ಗ್ರ್ಯಾಚುಯಿಟಿ, ಭವಿಷ್ಯನಿಧಿ, ಸೈಟು ಮಾರಿದ ದುಡ್ಡು ಹೆಚ್ಚಿನ ಬಡ್ಡಿಯ ಆಸೆಗೂ ಪರಿಚಯದ ವಿಶ್ವಾಸಕ್ಕೂ ಅಲ್ಲಿ ಸೇರಿತ್ತು. ಎರಡೇ ತಿಂಗಳಲ್ಲಿ ಕೋವಿಡ್ ಬಂತು. ಆಸ್ಪತ್ರೆಗೆಂದೇ ಎತ್ತಿಟ್ಟ ಹಣ, ಆಸ್ಪತ್ರೆಯ ಕಾಲ ಬಂದಾಗ ಕೈಗೆ ಸಿಗದಾಯಿತು.

ಆಗ ನೆರವಿಗೆ ಬಂದದ್ದು ಅವರು ಕೇಳದೆ, ಕಟ್ಟದೆ ಇದ್ದ ಇನ್ನೊಂದು ವಿಮೆ. ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ ಎಂಬ ನಿಗಮದ ವಿಮೆ ಇರುತ್ತದೆ. ಪ್ರೀಮಿಯಂ ಕಟ್ಟುವುದು ಬ್ಯಾಂಕ್. 1 ಲಕ್ಷವಿದ್ದ ಅದರ ಮಿತಿ 2020ರ ಫೆಬ್ರುವರಿ 4ರಿಂದ 5 ಲಕ್ಷಕ್ಕೆ ಏರಿತು. ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನದಲ್ಲಿ ಆ ಹಣ ಸಿಗಬೇಕೆಂಬ ಕಾನೂನು ತಿದ್ದುಪಡಿ 2021ರಲ್ಲಿ ಬಂತು. 5 ಲಕ್ಷದ ಒಳಗಿದ್ದವರಿಗೆ ಅದು ದಾರಿಯಾಯಿತು. ಅದಕ್ಕಿಂತ ಹೆಚ್ಚು ಇಟ್ಟವರ ಮಿಕ್ಕ ಹಣಕ್ಕೆ ಆ ರಕ್ಷಣೆ ಇರಲಿಲ್ಲ.

ಹಾಗೆಂದು ಸ್ವಂತ ನಿಧಿಯ ಯೋಚನೆ ತಪ್ಪಲ್ಲ. ನಿಧಿ ಸಾಕಷ್ಟಿರಬೇಕು, ಒಂದೇ ಬ್ಯಾಂಕಿನಲ್ಲಿ 5 ಲಕ್ಷ ಮೀರಿರಬಾರದು, ಬೇಕಾದ ದಿನ ಕೈಗೆ ಬರಬೇಕು. ಇಂಥ ನಿಧಿ ಇದ್ದವರಿಗೆ ನಡುದಾರಿಯೊಂದು ಇದೆ: ಸೂಪರ್ ಟಾಪ್‌ಅಪ್. ವರ್ಷದ ಮೊದಲ 5 ಲಕ್ಷದ ಖರ್ಚು ನಮ್ಮದು, ಅದರ ಮೇಲಿನದು ಪಾಲಿಸಿಯ ಮೊತ್ತದವರೆಗೆ ಕಂಪನಿಯದು ಎಂಬ ಒಪ್ಪಂದ. 8 ಲಕ್ಷದ ಬಿಲ್ಲಾದರೆ ನಾವು 5, ಅವರು 3. ಸಣ್ಣಪುಟ್ಟ ಕ್ಲೇಮುಗಳ ಗೋಜಿಲ್ಲದ್ದರಿಂದ ಪ್ರೀಮಿಯಂ ಮಾಮೂಲಿ ಪಾಲಿಸಿಗಿಂತ ಸಾಕಷ್ಟು ಕಡಿಮೆ. ಬರೀ 'ಟಾಪ್‌ಅಪ್' ಬೇರೆ. ಅದು ಒಂದೊಂದು ಸಲ ಆಸ್ಪತ್ರೆಗೆ ಸೇರಿದಾಗಲೂ 5 ಲಕ್ಷದ ಮಿತಿಯನ್ನು ಹೊಸದಾಗಿ ಎಣಿಸುತ್ತದೆ. 'ಸೂಪರ್' ಇಡೀ ವರ್ಷದ ಖರ್ಚನ್ನು ಕೂಡಿಸುತ್ತದೆ.

ಬಿಲ್ಲಿನ ಎದುರು ಪಾಲಿಸಿ

ಪಾಲಿಸಿಯ ಬೆಲೆ ಗೊತ್ತಾಗುವುದು ಡಿಸ್ಚಾರ್ಜ್ ದಿನ. ಒಂದು ಉದಾಹರಣೆ. ಪಾಲಿಸಿಯ ಮೊತ್ತ 3 ಲಕ್ಷ. ರೂಮ್ ಬಾಡಿಗೆಗೆ ಮಿತಿ ದಿನಕ್ಕೆ ಶೇ 1, ಅಂದರೆ 3,000 ರೂಪಾಯಿ. "ಅಪ್ಪನಿಗೆ ಒಳ್ಳೇ ರೂಮೇ ಇರಲಿ" ಎಂದು ಮಗ 6,000ದ್ದು ತೆಗೆದುಕೊಂಡ. ನಾಲ್ಕು ದಿನದ ಬಾಡಿಗೆ 24,000. ಶಸ್ತ್ರಚಿಕಿತ್ಸೆ, ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಸೇರಿ 1,20,000. ಔಷಧ, ಪರೀಕ್ಷೆ, ಇಂಪ್ಲಾಂಟ್ 56,000. ಒಟ್ಟು 2 ಲಕ್ಷ.

ರೂಮಿನಲ್ಲಿ ಹೆಚ್ಚಾದ 12,000 ಮಾತ್ರ ಕೈಯಿಂದ ಹೋಗುತ್ತದೆ ಎಂದು ಮಗನ ಲೆಕ್ಕ. ಪಾಲಿಸಿಯ ಲೆಕ್ಕ ಬೇರೆ. ಅರ್ಹತೆಗಿಂತ ಎರಡು ಪಟ್ಟು ಬಾಡಿಗೆಯ ರೂಮಾದ್ದರಿಂದ ಅದಕ್ಕೆ ಹೊಂದಿಕೊಂಡ ಖರ್ಚುಗಳಿಗೂ ಅರ್ಧವೇ ಸಿಗುತ್ತದೆ. ಬಾಡಿಗೆಯಲ್ಲಿ 12,000, ಶಸ್ತ್ರಚಿಕಿತ್ಸೆಯ ಬಾಬ್ತಿನಲ್ಲಿ 60,000, ಈ ಕಡಿತದಿಂದ ಹೊರಗಿರುವ ಔಷಧ, ಪರೀಕ್ಷೆ, ಇಂಪ್ಲಾಂಟ್‌ಗೆ ಪೂರ್ತಿ 56,000. ಬರುವುದು 1,28,000, ಕೈಯಿಂದ 72,000. ಪಾಲಿಸಿಯಲ್ಲಿ ಶೇ 20ರ ಸಹಪಾವತಿ, ಅಂದರೆ ಬರುವ ಹಣದಲ್ಲಿ ಅಷ್ಟು ಪಾಲನ್ನು ನಾವೇ ಹೊರುವ ಕೋ-ಪೇ ಕೂಡ ಇದ್ದರೆ ಬರುವುದು 1,02,400ಕ್ಕೆ ಇಳಿಯುತ್ತದೆ. "ಕಂಪನಿ ಮೋಸ ಮಾಡಿತು" ಎಂಬ ದೂರುಗಳಲ್ಲಿ ಹಲವು ಹುಟ್ಟುವುದು ಇಲ್ಲಿ. ಮೋಸವಲ್ಲ, ಓದದ ಸಾಲು. ಆದರೆ ಆ ಸಾಲನ್ನು ಮಾರುವಾಗಲೇ ಬಿಡಿಸಿ ಹೇಳದವರನ್ನೂ ಸುಮ್ಮನೆ ಬಿಡುವಂತಿಲ್ಲ.

ಬಿಪಿ, ಶುಗರ್ ಮುಚ್ಚಿಡುವುದು ಇನ್ನೊಂದು ಹಳ್ಳ. "ಬರೆದರೆ ಪ್ರೀಮಿಯಂ ಜಾಸ್ತಿಯಾಗುತ್ತೆ, ಬಿಡಿ ಸಾರ್" ಎನ್ನುವ ಏಜೆಂಟ್ ಕ್ಲೇಮ್ ತಿರಸ್ಕಾರವಾದ ದಿನ ಫೋನ್ ಎತ್ತುವುದಿಲ್ಲ. ಮೊದಲೇ ಇದ್ದ ಕಾಯಿಲೆಯನ್ನು ಬರೆದು ಕೊಟ್ಟರೆ ಅದರ ಚಿಕಿತ್ಸೆಗೆ ಹಣ ಸಿಗಲು ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಮೊದಲು ನಾಲ್ಕಿದ್ದುದನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಇಳಿಸಿತು. ಐದು ವರ್ಷ ಬಿಡದೆ ಕಟ್ಟಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟ ನೆಪ ಹೇಳಿ ಕ್ಲೇಮ್ ನಿರಾಕರಿಸುವಂತಿಲ್ಲ. ಹಳೆಯ ಪಾಲಿಸಿಯನ್ನು ಸಿಟ್ಟಿನಲ್ಲಿ ಬಿಡಬಾರದು ಎನ್ನುವುದಕ್ಕೆ ಇದೇ ಕಾರಣ. ಕಂಪನಿ ಹಿಡಿಸದಿದ್ದರೆ ಕಾದ ವರ್ಷಗಳ ಸಮೇತ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳುವ ಪೋರ್ಟಬಿಲಿಟಿ 2011ರಿಂದ ಇದೆ.

ಒಳ್ಳೆಯ ಬದಲಾವಣೆ ಇನ್ನೂ ಕೆಲವು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸಬೇಕಾದರೆ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ಹೋಯಿತು. ಗುಂಪು ಪಾಲಿಸಿಗಳಿಗೆ ಈ ವಿನಾಯಿತಿ ಇಲ್ಲ. 2015ರ ವೇತನ ಒಪ್ಪಂದದ ನಂತರ ಗುಂಪು ವಿಮೆಗೆ ಸೇರಿ ಬಹುಮಟ್ಟಿಗೆ ತಾವೇ ಪ್ರೀಮಿಯಂ ಹೊರುತ್ತಿರುವ ಬ್ಯಾಂಕ್ ನಿವೃತ್ತರಿಗೆ ಇದು ನುಂಗಲಾರದ ತುತ್ತು. ಈ ಬಡಾವಣೆಗಳಲ್ಲಿ ಅವರ ಸಂಖ್ಯೆ ಸಣ್ಣದಲ್ಲ.

ಸರ್ಕಾರ ಕೊಡುವುದನ್ನೂ ಎಣಿಸಿ

ವಿಮೆ ಬೇಕೇ ಎಂದು ತೂಗುವಾಗ ಸುತ್ತಲಿರುವುದನ್ನು ಮರೆಯುವಂತಿಲ್ಲ. 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ, ಮಲ್ಲೇಶ್ವರದ ಕೆ.ಸಿ. ಜನರಲ್, ಹೃದ್ರೋಗಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ: ಇವು ನಮ್ಮ ತೆರಿಗೆಯಲ್ಲಿ ನಡೆಯುವ ಆಸ್ಪತ್ರೆಗಳು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30, ಗರಿಷ್ಠ 1.5 ಲಕ್ಷ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ 5 ಲಕ್ಷದ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ನೀವು ಹೋಗಬೇಕೆಂದಿರುವ ಆಸ್ಪತ್ರೆಯಲ್ಲಿ ಆ ಕಾರ್ಡ್ ನಡೆಯುತ್ತದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಜೀವವಿಮೆಯ ಪ್ರಶ್ನೆ ಇನ್ನೂ ಸರಳ. ನಿಮ್ಮ ದುಡಿಮೆಯನ್ನು ನಂಬಿ ಯಾರಾದರೂ ಇದ್ದಾರೆಯೇ? 35ರ ಮಗ ಗೃಹಸಾಲ ತೆಗೆದಿದ್ದರೆ, ಸಣ್ಣ ಮಕ್ಕಳಿದ್ದರೆ ಅವನಿಗೆ ಟರ್ಮ್ ಪಾಲಿಸಿ ಬೇಕು. ಮಕ್ಕಳು ನೆಲೆ ಕಂಡ, ಪಿಂಚಣಿ ಬರುವ 70ರ ತಂದೆಗೆ ಬೇಡ. ಎಫ್‌ಡಿ ನವೀಕರಿಸಲು ಹೋದ ಅಜ್ಜಿಗೆ ಕೌಂಟರಿನಲ್ಲಿ "ಅಮ್ಮಾ, ಇದರಲ್ಲಿ ಬಡ್ಡಿ ಜಾಸ್ತಿ" ಎಂದು ಜೀವವಿಮೆ ಅಂಟಿಸಿದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂದಿರುಗಿಸುವ ಹಕ್ಕಿದೆ. ಹಣದಲ್ಲಿ ಸಣ್ಣ ಕಡಿತವಷ್ಟೇ.

ಕೆಲವು ವಿಮೆಗೆ ಯೋಚನೆಯೇ ಬೇಡ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಹೋಟೆಲಿನ ಒಂದು ಕಾಫಿಯ ದುಡ್ಡು. 18ರಿಂದ 70ರೊಳಗಿನ ಖಾತೆದಾರರು ಅಪಘಾತದಲ್ಲಿ ಸತ್ತರೆ 2 ಲಕ್ಷ. ಮನೆಕೆಲಸದವರಿಗೂ ಡ್ರೈವರಿಗೂ ಇದನ್ನು ಮಾಡಿಸಿಕೊಡುವುದು ಒಳ್ಳೆಯದು. ಹಳೇ ಮನೆಗೆ 2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಿದೆ. ಅದರಲ್ಲಿ ಲೆಕ್ಕಕ್ಕೆ ಬರುವುದು ಕಟ್ಟಡವನ್ನು ಮತ್ತೆ ಕಟ್ಟುವ ವೆಚ್ಚವೇ ಹೊರತು ನಿವೇಶನದ ಬೆಲೆಯಲ್ಲ. ನೆಲ ಬೆಂಕಿಗೆ ಸುಡುವುದಿಲ್ಲ, ಆದ್ದರಿಂದ ಪ್ರೀಮಿಯಂ ಅಂದುಕೊಂಡದ್ದಕ್ಕಿಂತ ಕಡಿಮೆ. ಅಮೆರಿಕದ ಮಗಳ ಮನೆಗೆ ಬಾಣಂತನಕ್ಕೆ ಹೊರಟವರಿಗೆ ಅಲ್ಲಿಯ ಆಸ್ಪತ್ರೆ ಖರ್ಚು ಭರಿಸುವ ವಿಮೆ ಅನಿವಾರ್ಯ. ಇಲ್ಲಿಯ ಮಾಮೂಲಿ ಪಾಲಿಸಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಳೆಯ ಕಾಯಿಲೆಗೆ ಆ ಪ್ರವಾಸದ ವಿಮೆಯಲ್ಲಿ ಎಷ್ಟು ರಕ್ಷಣೆ ಎಂಬುದನ್ನಂತೂ ನೋಡಿಯೇ ಕೊಳ್ಳಬೇಕು.

ಕೊನೆಗೆ ಏನು ಮಾಡುವುದು?

ತುರ್ತಿಗೆ 25–30 ಲಕ್ಷ ನಗದು ಹೊಂದಿಸಬಲ್ಲ, ಅದು ಹೋದರೂ ಜೀವನ ನಡೆಯುವ 75ರ ದಂಪತಿಗೆ, ಸಹಪಾವತಿಯೂ, ಒಂದೊಂದು ಚಿಕಿತ್ಸೆಗೂ ಇಷ್ಟೇ ಎಂಬ ಉಪಮಿತಿಗಳೂ ತುಂಬಿದ 5 ಲಕ್ಷದ ಪಾಲಿಸಿಗೆ ವರ್ಷಕ್ಕೆ 70,000 ಕೇಳಿದರೆ ಬೇಡವೆನ್ನುವುದು ತಪ್ಪಲ್ಲ. ಏಳು ವರ್ಷದ ಕಂತು ಪಾಲಿಸಿಯ ಮೊತ್ತಕ್ಕೆ ಹೆಚ್ಚುಕಡಿಮೆ ಸಮನಾಗುತ್ತದೆ. ಅವರಿಗೆ ಸೂಪರ್ ಟಾಪ್‌ಅಪ್ ಸಿಕ್ಕರೆ ಸಾಕು. 8–10 ಲಕ್ಷವಷ್ಟೇ ಉಳಿತಾಯವಿರುವ 62ರವರು ಪ್ರೀಮಿಯಂ ಎಷ್ಟೇ ಚುಚ್ಚಿದರೂ ಪಾಲಿಸಿ ಬಿಡಬಾರದು. ಒಂದೇ ಕಾಯಿಲೆ ಆ ಗಂಟನ್ನೂ ಮುಂದಿನ ಇಪ್ಪತ್ತು ವರ್ಷದ ನೆಮ್ಮದಿಯನ್ನೂ ಒಟ್ಟಿಗೆ ಒಯ್ಯುತ್ತದೆ. 40ರವರು ಆಫೀಸಿನ ಗುಂಪು ವಿಮೆಯನ್ನೇ ನಂಬಿ ಕೂರಬಾರದು. ಕೆಲಸ ಬಿಟ್ಟ ದಿನ ಸಾಮಾನ್ಯವಾಗಿ ಅದೂ ಬಿಡುತ್ತದೆ. ಆರೋಗ್ಯವಾಗಿರುವಾಗಲೇ ಸ್ವಂತದ್ದೊಂದು ಇರಲಿ.

ಕ್ಲೇಮ್ ತಿರಸ್ಕಾರವಾದರೆ ಕೈಕಟ್ಟಿ ಕೂರಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಅಲ್ಲಿ ತೀರ್ಮಾನವಾಗುತ್ತದೆ. ಆ ತೀರ್ಪಿಗೆ ಕಂಪನಿ ಬದ್ಧ.

ಮುಂದಿನ ರಿನ್ಯೂವಲ್ ನೋಟಿಸ್ ಬರುವ ಮೊದಲು ಒಂದು ಮಧ್ಯಾಹ್ನ ಬೀರುವಿನಿಂದ ಪಾಲಿಸಿ ತೆಗೆದು ನಾಲ್ಕು ಸಾಲು ಹುಡುಕಿ: ರೂಮ್ ಬಾಡಿಗೆಯ ಮಿತಿ, ಸಹಪಾವತಿ, ಕಾಯುವ ಅವಧಿ, ಉಪಮಿತಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಓದಿ, ಏಕೆಂದರೆ ನೀವು ಆಸ್ಪತ್ರೆಯಲ್ಲಿ ಮಲಗಿದ ದಿನ ಆ ಕಾಗದ ಹಿಡಿದು ಓಡಾಡಬೇಕಾದವರು ಅವರು.